ಮೂಸದ ಜಾಜಿ

ಸಿದ್ದಾಪುರದ ಕಡೆಯ ನಮ್ಮ ಮನೆಗಳಲ್ಲಿ ದೇವರಿಗೆ ಏರಿಸುವ ಹೂವನ್ನು ಮೊದಲು ಮೂಸುವಂತಿಲ್ಲ. ಮೂಸಿದರೆ ಎಂಜಲಾದ ಹಾಗೆ. ಅರವತ್ತರ ದಶಕದ ಶುರುವಿನಲ್ಲಿ, ನನಗೆ ಹನ್ನೆರಡು ವರ್ಷವಾಗಿದ್ದಾಗ, ಬೆಳಿಗ್ಗೆ ಮಿಂದು ಹೂ ಕೊಯ್ಯುವ ಕೆಲಸ ನನ್ನದಾಗಿತ್ತು. ಈ ನಿಯಮವನ್ನು ನನ್ನಷ್ಟು ಬಿಗಿಯಾಗಿ ಹಿಡಿದವರು ಊರಲ್ಲೇ ಇರಲಿಕ್ಕಿಲ್ಲ. ದಾಸವಾಳ, ಡೇರೆ ಹೂಗಳ ಹತ್ತಿರ ಧೈರ್ಯವಾಗಿ ಉಸಿರಾಡುತ್ತಿದ್ದೆ. ಅವಕ್ಕೆ ಪರಿಮಳವೇ ಇಲ್ಲವಲ್ಲ. ಜಾಜಿಯ ಚಪ್ಪರದ ಕೆಳಗೆ ಮಾತ್ರ ಉಸಿರು ಕಟ್ಟಿ ನುಗ್ಗಿ, ಹತ್ತು ಹೂ ಕೊಯ್ದು, ಈಚೆ ಓಡಿಬಂದು ಉಸಿರು ಬಿಟ್ಟು, ಮತ್ತೆ ನುಗ್ಗುತ್ತಿದ್ದೆ. ಆಯಿ, ಎಂದರೆ ನನ್ನ ಅಮ್ಮ, ನೋಡಿ ನಗುತ್ತಿದ್ದಳು. ಆ ಬಳ್ಳಿ ಅವಳು ತವರಿನಿಂದ ತಂದು ನೆಟ್ಟಿದ್ದು.

ಆ ಮಳೆಗಾಲದಲ್ಲಿ ಆಯಿ ಹಾಸಿಗೆ ಹಿಡಿದಳು. ಶಿರಸಿಯಿಂದ ಡಾಕ್ಟರು ಬಂದು ನೋಡಿ, ಅಪ್ಪಯ್ಯನನ್ನು ಅಂಗಳಕ್ಕೆ ಕರೆದು ಮಾತಾಡಿ ಹೋದರು. ಒಂದು ಬೆಳಿಗ್ಗೆ ನಾನು ಹೂಬುಟ್ಟಿ ಹಿಡಿದು ಅವಳ ಕೋಣೆ ದಾಟುತ್ತಿದ್ದಾಗ ಕರೆದಳು.

“ಕೂಸೇ, ಒಂದು ಜಾಜಿ ಹೂಗು ಕೊಡೇ. ಈ ಕಷಾಯದ ವಾಸನೆ ಸಾಕಾತು.”

“ಪೂಜೆ ಆಗ್ಲಿ ಆಯಿ. ಆಮೇಲೆ ತಂದ್ಕೊಡ್ತೆ.”

“ಅಡ್ಡಿಲ್ಲೆ.”

ಒಂದು ಹೂ ಮೂಸಿದರೆ ಬುಟ್ಟಿಯೇ ಕೆಟ್ಟಿತು ಎನ್ನುವುದು ನಾನೇ ಮಾಡಿಕೊಂಡ ಶಾಸ್ತ್ರ. ಪೂಜೆ ಮುಗಿದ ಮೇಲೆ ಪ್ರಸಾದದ ಜಾಜಿ ಒಯ್ದು ಕೊಟ್ಟೆ. ಅದಕ್ಕೆ ಗಂಧ ಮೆತ್ತಿತ್ತು. ಆಯಿ ಮೂಗಿನ ಹತ್ತಿರ ಹಿಡಿದು, “ಗಂಧದ ವಾಸನೆಯೇ ಬತ್ತು” ಎಂದು ದಿಂಬಿನ ಪಕ್ಕ ಇಟ್ಟಳು. ಮಾರನೆಯ ದಿನ ಅವಳಿಗೆ ಎಚ್ಚರವಿರಲಿಲ್ಲ. ನಾಲ್ಕನೆಯ ದಿನ ಹೋದಳು.

ಸೂತಕದಲ್ಲಿ ನಮ್ಮ ಕೈಯ ಹೂ ದೇವರಿಗೆ ಆಗುವುದಿಲ್ಲ. ಕೊಯ್ಯುವವರಿಲ್ಲದೆ ಜಾಜಿ ಅರಳಿ ಚಪ್ಪರದಡಿ ಉದುರಿ ಬಿತ್ತು. ನನಗೆ ಅಳು ಬರಲಿಲ್ಲ. “ಈ ಕೂಸು ಒಂದು ಹನಿ ಕಣ್ಣೀರು ಹಾಕಿದ್ದಿಲ್ಲೆ” ಎಂದು ಅತ್ತೆ ಯಾರಿಗೋ ಹೇಳುತ್ತಿದ್ದಳು. ನಿಜವೇ. ಬಡಿಸಿದ್ದು ಉಣ್ಣುತ್ತಿದ್ದೆ, ಹೇಳಿದಲ್ಲಿ ಮಲಗುತ್ತಿದ್ದೆ.

ಸೂತಕದ ಐದನೆಯ ದಿನ ಚಪ್ಪರದಡಿ ಹೋಗಿ ನಿಂತೆ. ದೇವರಿಗೆ ಬೇಡದ ಹೂ, ಮೂಸಿದರೆ ಕೇಳುವವರಿಲ್ಲ. ಬೊಗಸೆ ತುಂಬ ಕೊಯ್ದು ಮುಖಕ್ಕೆ ಒತ್ತಿಕೊಂಡೆ. ಈಗಲಾದರೂ ಅಳು ಬಂದೀತು ಎಂದುಕೊಂಡಿದ್ದೆ. ಪರಿಮಳ ಬಂತು, ಅಷ್ಟೇ.

ಸೂತಕ ಕಳೆದ ಮರುದಿನ ಮತ್ತೆ ಬುಟ್ಟಿ ಹಿಡಿದು ಹೋದೆ. ಉಸಿರು ಕಟ್ಟಲಿಲ್ಲ. ಒಂದೊಂದು ಜಾಜಿಯನ್ನೂ ಮೂಸಿ ಮೂಸಿಯೇ ಬುಟ್ಟಿಗೆ ಹಾಕಿದೆ. ಅಪ್ಪಯ್ಯ ಮಂತ್ರ ಹೇಳುತ್ತ ಅವನ್ನೇ ದೇವರಿಗೆ ಏರಿಸಿದ. ನಾನು ಕಂಬಕ್ಕೆ ಒರಗಿ ಕಾದೆ. ದೀಪ ಆರಲಿಲ್ಲ. ಮಂಗಳಾರತಿ ಆಯಿತು, ಎಂದಿನಂತೆ ತೀರ್ಥ ಕೊಟ್ಟ, ಕುಡಿದೆ.

ಮೂಸಿದ ಹೂವಿನಿಂದ ಏನೂ ಆಗುವುದಿಲ್ಲ ಎಂದಾದರೆ, ಅವತ್ತು ಆಯಿಗೆ ಒಂದು ಕೊಡಬಹುದಿತ್ತು.