ಒಲೀಟಾ ಕಾದು ಕೂತ ಗಿಟಾರು

ಒಲೀಟಾ ಬ್ರಾಸ್‌ವೆಲ್‌ಳ ಗಿಟಾರಿನ ಮೇಲೆ ಗಾಡಿ ಹತ್ತಿಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೇಳದಿದ್ದರೆ ನಮ್ಮೂರು ಪ್ಲಮ್ ಫೋರ್ಕಿನಲ್ಲಿ ಬೇರೆ ಯಾರಾದರೂ ಹೇಳುತ್ತಾರೆ, ಅದೂ ಉಪ್ಪುಖಾರ ಹಚ್ಚಿ. ಡಾನ್ಸ್ ಹಾಲಿನ ಹಿಂಬಾಗಿಲಲ್ಲಿ ಗಿಟಾರಿನ ಪೆಟ್ಟಿಗೆಯನ್ನು ನೆಲಕ್ಕಿಟ್ಟು ಅವಳು ಬೂಟಿಗೆ ಅಂಟಿದ ಕೆಸರು ಕೆರೆಯುತ್ತಿದ್ದಳು. ನಾನು ಹಿಂದೆ ನೋಡದೆ ಪಿಕಪ್ ಹಿಂದಕ್ಕೆ ತೆಗೆದೆ.

"ಎಮಿಲ್, ಗಾಡಿ ಮುಂದಕ್ಕೆ ತಗೋಬೇಡ ಕಣೋ," ಎಂದಳು, ಬಹಳ ನಿಧಾನವಾಗಿ. "ಒಂದ್ಸಲ ತುಳಿದಿದ್ದು ಸಾಕು."

ಗಾಬರಿಯಲ್ಲಿ ನಾನು ಮುಂದಕ್ಕೇ ತೆಗೆದೆ.

ಒಲೀಟಾಗೆ ಆಗ ಅರವತ್ತಮೂರು. ಊರಿನ ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಮುನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದವಳು. ತಾನು ತಪ್ಪು ಮಾಡಿದೆ ಎಂದು ಅವಳು ಹೇಳಿದ್ದನ್ನು ಕೇಳಿದವರು ಯಾರೂ ಇಲ್ಲ. ಒಂದು ದಿನ ಗ್ರೇವಿಗೆ ಉಪ್ಪು ಎರಡು ಸಲ ಬಿದ್ದಿತ್ತಂತೆ. "ಗ್ರೇವಿ ಅಂದ್ರೆ ಹೀಗೇ ಇರ್ಬೇಕು, ಇಷ್ಟು ದಿನ ನಿಮಗೆ ಗೊತ್ತಿರ್ಲಿಲ್ಲ" ಎಂದಳಂತೆ. ಮುನ್ನೂರು ಮಕ್ಕಳೂ ಬಾಯಿ ಮುಚ್ಚಿಕೊಂಡು ತಿಂದು, ಸಂಜೆಯವರೆಗೂ ನಲ್ಲಿಯ ಮುಂದೆ ಸಾಲು ನಿಂತರು.

ಭಾನುವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ಅವಳು ನನ್ನ ವಾದ್ಯತಂಡದಲ್ಲಿ ಪೆಡಲ್ ಸ್ಟೀಲ್ ಗಿಟಾರು ನುಡಿಸುತ್ತಿದ್ದಳು. ತಂಡದ ಹೆಸರು ಸುಲಾಕ್ ಸಹೋದರರು. ಸಹೋದರರಲ್ಲಿ ಉಳಿದಿರುವವನು ನಾನೊಬ್ಬನೇ, ಪಿಟೀಲು ನನ್ನದು. ನನ್ನ ಬಲಗಡೆಯ ಕುರ್ಚಿ ಒಲೀಟಾಳದು, ಮೂವತ್ತೆಂಟು ವರ್ಷದಿಂದ. ಈ ಗಿಟಾರು ಹೆಗಲಿಗೆ ಹಾಕಿಕೊಳ್ಳುವಂಥದ್ದಲ್ಲ. ನಾಲ್ಕು ಕಾಲಿನ ಮೇಲೆ ಮೇಜಿನ ಹಾಗೆ ಮಲಗಿರುತ್ತದೆ. ಎಡಗೈಯಲ್ಲಿ ತಂತಿಗಳ ಮೇಲೆ ಉಕ್ಕಿನ ಗುಂಡು ಕಡ್ಡಿ ಜಾರಿಸಬೇಕು, ಎಡಗಾಲಲ್ಲಿ ಮೂರು ಪೆಡಲ್ ಒತ್ತಿ ತಂತಿಗಳನ್ನು ಎಳೆದು ಸ್ವರ ಏರಿಸಬೇಕು. ಆ ಪೆಡಲ್‌ಗಳನ್ನು ನಮ್ಮ ಟೆಕ್ಸಸ್‌ನಲ್ಲಿ ಹೆಚ್ಚಿನವರು ಜೋಡಿಸಿಕೊಳ್ಳುವ ಕ್ರಮ ಒಂದಿದೆ. ಒಲೀಟಾಳದು ಅದಕ್ಕೆ ತಿರುಗಾಮುರುಗಾ. ಅವಳಿಗೆ ಕಲಿಸಿದ ಚಿಕ್ಕಪ್ಪನದೂ ಹಾಗೇ ಇತ್ತು. ಹತ್ತರಲ್ಲಿ ಒಬ್ಬರು ಹೀಗಿರುತ್ತಾರೆ, ಅದೇನೂ ಪಾಪದ ಕೆಲಸವಲ್ಲ. ಆದರೆ ಒಲೀಟಾಳ ಲೆಕ್ಕದಲ್ಲಿ ಉಳಿದ ಒಂಬತ್ತು ಜನರದ್ದೇ ತಿರುಗಾಮುರುಗಾ.

ಅದಕ್ಕೇ ಹಳೆಯ ಗಿಟಾರು ಯಾವುದನ್ನು ತೋರಿಸಿದರೂ ಅವಳು ಮೂಗು ಮುರಿದಳು. ಓಕ್ಲಹೋಮಾದ ವರ್ಲನ್ ಟ್ಯಾಕೆಟ್‌ಗೆ ಕಾಗದ ಬರೆದಳು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಬ್ಬನೇ ಕೂತು ವರ್ಷಕ್ಕೆ ಒಂಬತ್ತು ಗಿಟಾರು ಮಾಡುವ ಮನುಷ್ಯ. ದರ್ಜಿಯ ಹಾಗೆ ಅಳತೆ ಕೇಳುತ್ತಾನೆ: ಕೂತಾಗ ಮೊಣಕಾಲು ನೆಲದಿಂದ ಎಷ್ಟೆತ್ತರ, ನುಡಿಸುವಾಗ ಬೂಟೋ ಚಪ್ಪಲಿಯೋ. ಜೊತೆಗೆ, ನುಡಿಸುವವರು ತಮ್ಮ ಪೆಡಲ್ ಮತ್ತು ಅದನ್ನು ತಂತಿಗೆ ಸೇರಿಸುವ ಕೆಳಗಿನ ಕೊಂಡಿಗಳ ಚಿತ್ರವನ್ನು ತಮ್ಮ ಕೈಯಾರೆ ಬರೆದು ಕಳಿಸಬೇಕು. ಬಾಯಲ್ಲಿ ಹೇಳಿದ್ದನ್ನು ಅವನು ನಂಬುವುದಿಲ್ಲ.

ಒಲೀಟಾ ನಾನು ನುಗ್ಗುನುರಿ ಮಾಡಿದ ಗಿಟಾರನ್ನು ಎರಡು ಕುರ್ಚಿಗಳ ಮೇಲಿಟ್ಟು, ಕೆಳಗೆ ಅಂಗಾತ ಮಲಗಿ, ಪೆನ್ಸಿಲ್ ಹಿಡಿದು ಒಂದೊಂದು ಕೊಂಡಿಯನ್ನೂ ಬರೆದಳು. ಸೊಂಟ ಹಿಡಿದುಕೊಂಡಿತು, ಎಬ್ಬಿಸಲು ನಾನೇ ಬೇಕಾಯಿತು. ಕಾಗದದ ತುದಿಗೆ ಒಂದು ಸಾಲು ಸೇರಿಸಿದಳು: "ಬರೆದ ಹಾಗೇ ಮಾಡಿ. ಬುದ್ಧಿ ಹೇಳಬೇಡಿ."

"ಇನ್ನೊಂದ್ಸಲ ನೋಡ್ಬಾರ್ದೇನೆ?" ಎಂದೆ.

"ಗಾಡಿ ಹಿಂದೆ ತೆಗೆಯೋವಾಗ ನೀನು ನೋಡಿದ್ಯಾ?" ಎಂದಳು.

ಎರಡು ವರ್ಷ ಏಳು ತಿಂಗಳು ಕಾದಳು. ಟ್ಯಾಕೆಟ್‌ಗೆ ಫೋನ್ ಮಾಡಿ ಅವಸರ ಮಾಡುವಂತಿಲ್ಲ. ಮಾಡಿದರೆ ಅವನು ಬೈಯುವುದಿಲ್ಲ, ಒಂದು ಗಂಟೆ ಮಾತಾಡುತ್ತಾನೆ, ಕೆಲಸ ಅಷ್ಟು ಹೊತ್ತು ನಿಲ್ಲುತ್ತದೆ. ಮೇಪಲ್ ಮರದ ಹಲಗೆ ಕೊಯ್ದಾಗ ಒಂದು ಕಾರ್ಡು ಬಂತು, ಬಣ್ಣ ಹಚ್ಚಿದಾಗ ಇನ್ನೊಂದು. ಅವೆರಡನ್ನೂ ಅವಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಅಷ್ಟು ದಿನವೂ ಅವಳು ಡಾನ್ಸ್ ಹಾಲಿನ ಕಡೆ ತಲೆ ಹಾಕಲಿಲ್ಲ. ಅಡುಗೆಮನೆಯ ಮೇಜಿನ ಕೆಳಗೆ ಮರದ ಮೂರು ತುಂಡುಗಳನ್ನು ಮೊಳೆ ಹೊಡೆದು ಕೂರಿಸಿ, ದಿನಾ ಬೆಳಿಗ್ಗೆ ಒಂದು ಗಂಟೆ, ಮೇಲೆ ಏನೂ ಇಲ್ಲದೆ, ಕಾಲು ಆಡಿಸುತ್ತಿದ್ದಳು. ನೋಡಿದರೆ ನಗು ಬರುತ್ತಿತ್ತು. ನಗಲು ನನಗೆ ಧೈರ್ಯವಿರಲಿಲ್ಲ.

ಅವಳ ಜಾಗಕ್ಕೆ ನಾನು ಟ್ರೇ ಗಾಲ್ವಿನ್‌ನನ್ನು ಕರೆದುಕೊಂಡೆ. ನಲವತ್ತೈದರ ಆಸುಪಾಸಿನ ಗಂಡಸು, ಪಕ್ಕದೂರಿನಲ್ಲಿ ವಿಮೆ ಮಾರುತ್ತಾನೆ, ಹಲ್ಲು ಬಹಳ ಚೆನ್ನಾಗಿವೆ. ನುಡಿಸುವುದರಲ್ಲಿ ಒಂದೇ ಒಂದು ತಪ್ಪು ಹುಡುಕಲಾಗುವುದಿಲ್ಲ, ಅದೇ ನನ್ನ ತಕರಾರು. ಎರಡು ವರ್ಷ ದಾಟಿದ ಮೇಲೆ, ಆಗಸ್ಟಿನಲ್ಲಿ, ಅವನು ನನ್ನನ್ನು ಪಕ್ಕಕ್ಕೆ ಕರೆದ.

"ಎಮಿಲ್ ಅವರೇ, ಇನ್ನೊಂದು ತಂಡದವರು ಕರೀತಿದಾರೆ. ನನಗೆ ಈ ಕುರ್ಚಿ ಖಾಯಂ ಆಗಿ ಬೇಕು. ಇಲ್ಲ ಅಂದ್ರೆ ಇಲ್ಲ ಅನ್ನಿ."

ನ್ಯಾಯವಾದ ಮಾತು. ಅಕ್ಟೋಬರ್ ಮೊದಲ ಭಾನುವಾರ ಹಾಲಿನ ವಾರ್ಷಿಕ ಡಾನ್ಸ್. ಆ ದಿನ ಒಲೀಟಾ ಬಂದು ಕೂತು ನುಡಿಸಿದರೆ ಕುರ್ಚಿ ಅವಳದು, ಆಗದಿದ್ದರೆ ನಿನ್ನದು ಎಂದು ಮಾತು ಕೊಟ್ಟೆ. ಅದನ್ನೇ ಹೋಗಿ ಅವಳಿಗೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ.

"ಬರ್ತೀನಿ," ಎಂದಳು, ಅಷ್ಟೇ.

ಆ ಭಾನುವಾರಕ್ಕೆ ಎರಡು ದಿನ ಮುಂಚೆ, ಶುಕ್ರವಾರ, ಟ್ಯಾಕೆಟ್ ತಾನೇ ಏಳು ಗಂಟೆ ಗಾಡಿ ಓಡಿಸಿಕೊಂಡು ಬಂದ. ತಾನು ಮಾಡಿದ್ದನ್ನು ಅವನು ಯಾವ ಕೊರಿಯರ್‌ನವರ ಕೈಗೂ ಕೊಡುವುದಿಲ್ಲ. ಬಡಕಲು ದೇಹ, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಮಾತಿಗೆ ಮೊದಲು ಟೋಪಿ ತೆಗೆದ. ಗಿಟಾರನ್ನು ಹಾಲಿನ ನಡುವೆ ಕಾಲು ಜೋಡಿಸಿ ನಿಲ್ಲಿಸಿದಾಗ ನಾನು ಅದರ ಸುತ್ತ ಎರಡು ಸಲ ಬಂದೆ. ಜೇನುಬಣ್ಣದ ಮೇಪಲ್, ಮುಂದಿನ ಹಲಗೆಯಲ್ಲಿ ಬಿಳಿ ಚಿಪ್ಪಿನಲ್ಲಿ ಕೂರಿಸಿದ ಅವಳ ಹೆಸರು. ಒಲೀಟಾ ಕೂತಳು. ಅಳತೆ ಅವಳ ಮೊಣಕಾಲಿಗೇ ಹುಟ್ಟಿದಂತಿತ್ತು. ಕಡ್ಡಿ ಇಟ್ಟು ಒಂದು ತಂತಿ ಮೀಟಿ ಪೆಡಲ್ ಒತ್ತಿದಳು.

ಹುಳಿ ಹಿಂಡಿದಂಥ ಅಪಸ್ವರ ಬಂತು.

ಇನ್ನೊಮ್ಮೆ ಒತ್ತಿದಳು, ಅದೇ. ಪೆಡಲ್‌ಗಳ ಕ್ರಮ ಅದಲುಬದಲಾಗಿದೆ ಎಂದು ಮೂವರಿಗೂ ಅರ್ಥವಾಯಿತು. ಟ್ಯಾಕೆಟ್ ಜೇಬಿನಿಂದ ಅವಳ ಚಿತ್ರ ತೆಗೆದು ಮೇಜಿನ ಮೇಲೆ ಬಿಡಿಸಿದ. ಪೆಡಲ್‌ಗಳು ಚಿತ್ರದಲ್ಲಿದ್ದ ಹಾಗೆಯೇ ಇದ್ದವು. ಎಲ್ಲರ ಗಿಟಾರಿನಲ್ಲಿ ಇರುವ ಕ್ರಮವೇ ಆದ್ದರಿಂದ ಅವನಿಗೆ ಅನುಮಾನವೂ ಬಂದಿರಲಿಲ್ಲ. ಒಲೀಟಾ ಚಿತ್ರವನ್ನು ನೋಡಿದಳು. ಆಮೇಲೆ ನೆಲದ ಮೇಲೆ ಅಂಗಾತ ಮಲಗಿ ಹೊಸ ಗಿಟಾರನ್ನು ಕೆಳಗಿನಿಂದ ನೋಡಿದಳು. ಕೆಳಗಿನಿಂದ ಕಂಡದ್ದನ್ನು ಕಂಡಂತೆಯೇ ಬರೆದಿದ್ದಳು. ಕೂತು ನುಡಿಸುವವರ ಎಡ ಅವಳ ಕಾಗದದಲ್ಲಿ ಬಲವಾಗಿತ್ತು; ಅವಳ ತಿರುಗಾಮುರುಗಾ ಕ್ರಮ ಹಾಗೆ ಎಲ್ಲರ ಕ್ರಮವಾಗಿಬಿಟ್ಟಿತ್ತು.

"ನಾನೇ ಒಂದು ಫೋನ್ ಮಾಡಿ ಕೇಳ್ಬೇಕಿತ್ತಮ್ಮಾ," ಎಂದ ಟ್ಯಾಕೆಟ್. ಅವನ ಮುಖ ಬಿಳಿಚಿಕೊಂಡಿತ್ತು. "ನನ್ನದೇ ತಪ್ಪು. ಕೊಂಡಿಗಳನ್ನ ಹೊಸದಾಗಿ ಕಡೀಬೇಕು, ಯಂತ್ರ ಎಲ್ಲಾ ಶೆಡ್ಡಲ್ಲಿದೆ. ವಾಪಸ್ ತಗೊಂಡೋಗಿ ಮೂರು ವಾರದಲ್ಲಿ ಸರಿ ಮಾಡ್ಕೊಡ್ತೀನಿ."

ಅವಳು ಎದ್ದು ಲಂಗದ ಧೂಳು ಕೊಡವಿದಳು. "ಕಾಫಿ ಕುಡೀತೀರಾ?" ಎಂದಳು.

ಅಷ್ಟೇ. ತಪ್ಪನ್ನು ಆ ಬಡಪಾಯಿ ಹೊತ್ತುಕೊಂಡ, ಇವಳು ಹೊರಲು ಬಿಟ್ಟಳು. ಮೂವತ್ತೆಂಟು ವರ್ಷದಲ್ಲಿ ಅವಳ ಮೇಲೆ ನನಗೆ ಅಷ್ಟು ಕೋಪ ಬಂದದ್ದು ಅದೇ ಮೊದಲು. ಗಾಡಿ ಹತ್ತಿಸಿದವನಿಗೆ ಕೋಪ ಮಾಡಿಕೊಳ್ಳುವ ಹಕ್ಕು ಎಲ್ಲಿದೆ ಎಂದುಕೊಂಡು ಕಾಫಿ ಕುಡಿದೆ.

ಗಿಟಾರನ್ನು ಅವಳು ಕಳಿಸಲಿಲ್ಲ. ಭಾನುವಾರ ಮುಗಿದ ಮೇಲೆ ಒಯ್ಯಿರಿ ಎಂದಳು. ಟ್ಯಾಕೆಟ್ ಊರಿನ ಮೋಟೆಲ್‌ನಲ್ಲಿ ಉಳಿದುಕೊಂಡ. ಶನಿವಾರವೆಲ್ಲ ಅವಳ ಮನೆಯ ಮುಂದಿನ ರಸ್ತೆಯಲ್ಲಿ ಹೋದವರಿಗೆ ಹುಳಿ ಸ್ವರವೇ ಕೇಳಿತು. ಸಂಜೆ ನಾನು ಹೋದಾಗ ಎಡಗಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟುಕೊಂಡು ಕೂತಿದ್ದಳು.

"ತಲೆ ಹೇಳಿದ್ದು ಕಾಲು ಕೇಳ್ತಿಲ್ಲ," ಎಂದಳು. "ದಿನಾ ಒಂದು ಗಂಟೆ ಆ ಮರದ ತುಂಡು ತುಳಿದು ತುಳಿದು ಹಳೇ ದಾರೀನೇ ಗಟ್ಟಿ ಮಾಡ್ಕೊಂಡುಬಿಟ್ಟಿದೀನಿ."

"ಟ್ರೇಗೆ ಹೇಳಿ ಮೂರು ವಾರ ಮುಂದಕ್ಕೆ ಹಾಕಿಸ್ತೀನಿ ಕಣೆ."

"ಮಾತು ಕೊಟ್ಟಿದೀಯ. ಕೊಟ್ಟ ಮಾತಿಗೆ ತಪ್ಪೋ ತಂಡದಲ್ಲಿ ನಾನು ಕೂರಲ್ಲ. ಹೋಗು, ಪಿಟೀಲಿನ ಕಮಾನಿಗೆ ರಾಳ ಹಚ್ಚು."

ಭಾನುವಾರ ಡಾನ್ಸ್ ಹಾಲ್ ಕಿಕ್ಕಿರಿದಿತ್ತು. ಗಸಗಸೆ ತುಂಬಿದ ಕೊಲಾಚೆ ಬನ್ನು, ಹೊಗೆಯಲ್ಲಿ ಬೆಂದ ಬ್ರಿಸ್ಕೆಟ್ ಮಾಂಸ, ಬಿಯರ್; ಅರ್ಧ ಜನ ಅವಳ ಗಿಟಾರು ನೋಡಲೆಂದೇ ಬಂದವರು. ಸುತ್ತಲಿನ ನಾಲ್ಕೈದು ಊರಿನ ಸ್ಟೀಲ್ ನುಡಿಸುವವರು ಎದುರಿಗೇ ಕೈಕಟ್ಟಿ ನಿಂತಿದ್ದರು. ಟ್ಯಾಕೆಟ್ ಬಾಗಿಲ ಹತ್ತಿರ. ಟ್ರೇ ತನ್ನ ಗಿಟಾರನ್ನು ಗಾಡಿಯಲ್ಲಿ ಇಟ್ಟುಕೊಂಡೇ ಬಂದಿದ್ದ. ನಾನು ಆದಷ್ಟು ನಿಧಾನದ ಒಂದು ವಾಲ್ಟ್ಜ್ ಕುಣಿತದ ಹಾಡು ಎತ್ತಿಕೊಂಡೆ.

ಎಂಟನೇ ತಾಳಕ್ಕೆ ಅವಳ ಕಾಲು ಹಳೇ ದಾರಿಗೆ ಹೋಯಿತು. ಆ ಸ್ವರ ಹಾಲಿನ ತಗಡಿನ ಮಾಡಿಗೆ ಬಡಿದು ವಾಪಸ್ ಬಂತು. ಎದುರಿಗಿದ್ದವರು ಮೊದಲು ಗಿಟಾರಿನ ಮೇಲಿದ್ದ ತಯಾರಕನ ಹೆಸರು ನೋಡಿದರು, ಆಮೇಲೆ ಬಾಗಿಲ ಕಡೆ ತಿರುಗಿದರು. ಟ್ಯಾಕೆಟ್ ತಲೆ ತಗ್ಗಿಸಿದ. ವರ್ಷಕ್ಕೆ ಒಂಬತ್ತು ಮಾಡುವವನಿಗೆ ಹೆಸರು ಬಿಟ್ಟು ಬೇರೆ ಆಸ್ತಿಯಿಲ್ಲ.

ಒಲೀಟಾ ಕೈ ಎತ್ತಿ ನಮ್ಮನ್ನೆಲ್ಲ ನಿಲ್ಲಿಸಿದಳು. ನನ್ನ ಮುಂದಿದ್ದ ಮೈಕನ್ನು ತನ್ನ ಕಡೆಗೆ ಎಳೆದುಕೊಂಡಳು.

"ಈಗ ಕೇಳಿದ್ರಲ್ಲ, ಅದು ಗಿಟಾರಿನ ತಪ್ಪಲ್ಲ, ನಂದು. ಅಂಗಾತ ಮಲಕ್ಕೊಂಡು ಕೆಳಗಿಂದ ನೋಡಿ ಚಿತ್ರ ಬರೆದೆ, ಎಡ ಬಲ ಆಯ್ತು. ಅಲ್ಲಿ ನಿಂತಿರೋರು ನಾನು ಬರೆದಿದ್ದನ್ನ ಕೂದಲೆಳೆಯಷ್ಟೂ ಆಚೀಚೆ ಆಗದಂಗೆ ಮಾಡ್ಕೊಟ್ಟಿದಾರೆ. ಶುಕ್ರವಾರ ಅವರು ತಪ್ಪು ತಮ್ಮ ತಲೆ ಮೇಲೆ ಹಾಕ್ಕೊಂಡ್ರು, ನಾನು ಸುಮ್ನಿದ್ದೆ. ಅದು ಇನ್ನೂ ದೊಡ್ಡ ತಪ್ಪು. ಯಾರಾದ್ರೂ ಅವರ ಹೆಸರು ಕೆಡಿಸೋ ಮಾತಾಡಿದ್ರೆ, ನೆನಪಿರ್ಲಿ, ನಿಮ್ಮಲ್ಲಿ ಅರ್ಧ ಜನಕ್ಕೆ ಊಟ ಹಾಕಿ ಬೆಳೆಸಿದವಳು ನಾನು."

ಎದುರಿಗೆ ಕೈಕಟ್ಟಿ ನಿಂತಿದ್ದವರು ಕೈ ಇಳಿಸಿದರು. ನನ್ನ ಕಣ್ಣು ಒದ್ದೆಯಾಗಿತ್ತು, ಸುಳ್ಳು ಹೇಳುವುದಿಲ್ಲ.

ಅವಳು ಎಡಗಾಲನ್ನು ಪೆಡಲ್‌ಗಳಿಂದ ತೆಗೆದು ಕುರ್ಚಿಯ ಕೆಳಗೆ ಹಿಂದಕ್ಕಿಟ್ಟಳು. "ಎಮಿಲ್, ಮೊದಲಿಂದ," ಎಂದಳು. ಪೆಡಲ್ ಎಂಬುದೇ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ನುಡಿಸುತ್ತಿದ್ದ ಹಾಗೆ, ಬರೀ ಕಡ್ಡಿಯಿಂದ ನುಡಿಸತೊಡಗಿದಳು. ಕಡ್ಡಿಯನ್ನು ತಂತಿಗಳ ಮೇಲೆ ಓರೆ ಮಾಡುತ್ತ, ನೇರ ಮಾಡುತ್ತ, ಮಣಿಕಟ್ಟಿನಲ್ಲೇ ಸ್ವರ ಹುಡುಕುತ್ತ ಹೋದಳು. ಕಾಲು ಮಾಡುವ ಕೆಲಸವನ್ನೆಲ್ಲ ಕೈ ಒಂದೇ ಮಾಡಬೇಕು. ನಾದ ತೆಳ್ಳಗಿತ್ತು, ಬಡವಾಗಿತ್ತು, ಆದರೆ ಒಂದಿಷ್ಟೂ ಸುಳ್ಳಿರಲಿಲ್ಲ. ಎಂಬತ್ತು ದಾಟಿದ ಜೋಡಿಗಳು ಗೋಡೆಯ ಬೆಂಚುಗಳಿಂದ ಎದ್ದು ಬಂದವು. ವೇಗದ ಪೋಲ್ಕಾ ಕುಣಿತ ಬಂದಾಗ ಸಿಕ್ಕಿಬೀಳುತ್ತಾಳೆ ಎಂದು ಹೆದರಿದ್ದೆ. ಎರಡು ಕಡೆ ತಪ್ಪಿದಳು, ಬೆವರು ಒರೆಸಿಕೊಂಡಳು, ನಿಲ್ಲಿಸಲಿಲ್ಲ. ಆರು ಗಂಟೆಯವರೆಗೆ ಆ ಮೂರು ಪೆಡಲ್‌ಗಳನ್ನು ಅವಳ ಕಾಲು ಮುಟ್ಟಲೇ ಇಲ್ಲ.

ಡಾನ್ಸ್ ಮುಗಿದ ಮೇಲೆ ನಾನು ಟ್ರೇಯನ್ನು ಹುಡುಕಿಕೊಂಡು ಹೊರಗೆ ಹೋದೆ. ಏನು ಹೇಳಬೇಕೆಂದು ಬಾಯಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಅವನು ಗಾಡಿಯ ಬಾಗಿಲು ಹಾಕುತ್ತಿದ್ದ.

"ಬೇಡ, ಹೇಳ್ಬೇಡಿ ಎಮಿಲ್ ಅವರೇ," ಎಂದ. "ನನಗೂ ಕಿವಿ ಇದೆ."

ಕೈ ಕುಲುಕಿ ಹೊರಟುಹೋದ. ಒಳ್ಳೆಯ ಮನುಷ್ಯ. ಅವನ ಹಲ್ಲಿನ ಬಗ್ಗೆ ಆಡಿಕೊಂಡದ್ದಕ್ಕೆ ನಾಚಿಕೆಯಾಯಿತು.

ಸೋಮವಾರ ಬೆಳಿಗ್ಗೆ ಟ್ಯಾಕೆಟ್ ಗಿಟಾರನ್ನು ವಾಪಸ್ ಒಯ್ದ. ಮೂರು ಭಾನುವಾರ ನಮ್ಮ ತಂಡದಲ್ಲಿ ಸ್ಟೀಲ್ ಇರಲಿಲ್ಲ. ಆದರೆ ಎರಡು ಗಂಟೆಗೆ ಸರಿಯಾಗಿ ಒಲೀಟಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುತ್ತಿದ್ದಳು, ವೇದಿಕೆ ಹತ್ತಿ ನನ್ನ ಬಲಗಡೆಯ ಕುರ್ಚಿಯಲ್ಲಿ ಕೂರುತ್ತಿದ್ದಳು, ಮುಂದೆ ಏನೂ ಇಲ್ಲದೆ, ಆರು ಗಂಟೆಯವರೆಗೆ. ಮಾತಿನ ಪ್ರಕಾರ ಆ ಕುರ್ಚಿ ಅವಳದು.