ದಾತೋ ಊಯಿಯವರ ನುಡಿಮುತ್ತಿಗೆ ಕಪ್ಪು ಗೆರೆ

ಮಲೇಷ್ಯಾದ ಪೆನಾಂಗಿನ ಚೀನೀ ಪತ್ರಿಕೆಯೊಂದರಲ್ಲಿ ತಿಯೋ ಸಿಯೂ ಖೆಂಗ್ ಅರ್ಧ ಆಯುಷ್ಯ ಶ್ರದ್ಧಾಂಜಲಿಯ ಪುಟ ಕಟ್ಟಿದ್ದಳು. ಸತ್ತವರ ಮುಖ ಎಲ್ಲಿರಬೇಕು, ಸುತ್ತ ಎಷ್ಟು ಜಾಗ ಬಿಡಬೇಕು, ಎಲ್ಲ ಅವಳ ಕೈಗೇ ಗೊತ್ತಿತ್ತು. ಪತ್ರಿಕೆ ಮುಚ್ಚಿದ ಮೇಲೆ ಅದೇ ಕೈ ಜಾಲತಾಣಗಳ ಪುಟ ಸಿಂಗರಿಸತೊಡಗಿತು. ಈ ಊರಿನಲ್ಲಿ ಯಾರ ತಾಣ ತೆರೆದರೂ ಮೊದಲು ಎದುರಾಗುವುದು ಯಜಮಾನರ ನುಡಿಮುತ್ತು. ವಿಳಾಸ, ಫೋನು ಎಲ್ಲ ಆಮೇಲೆ. ಹೆಚ್ಚಿನವು ಮುತ್ತಲ್ಲ, ಬರೀ ಚಿಪ್ಪು. ಅಕ್ಷರ ದೊಡ್ಡದು ಮಾಡಿ ಸುತ್ತ ಜಾಗ ಬಿಟ್ಟರೆ ಚಿಪ್ಪೂ ಹೊಳೆಯುತ್ತದೆ. ಅದೇ ಅವಳ ಹೊಟ್ಟೆಪಾಡು.

ಊಯಿ ಕುಲಸಂಘದ ಅಧ್ಯಕ್ಷರಾದ ಬೆಂಗ್ ಹೋಕ್ ಅವರಿಗೆ ದಾತೋ ಬಿರುದು ಬಂದ ದಿನದಿಂದ ಹೆಂಡತಿ ಕೂಡ ಅವರನ್ನು ಹೆಸರು ಹಿಡಿದು ಕರೆದಿರಲಿಲ್ಲ. ಹೃದಯದ ಆಪರೇಷನ್ನಿಗೆ ಆಸ್ಪತ್ರೆ ಸೇರುತ್ತಾ ಅವರು ಫೋನಿನಲ್ಲೇ ಹೊಸ ನುಡಿಮುತ್ತು ಬರೆಸಿದರು: “ನಾನು ಎಲ್ಲೇ ಇದ್ದರೂ ನನ್ನ ಆಶೀರ್ವಾದ ನಿಮ್ಮ ಮೇಲಿರುತ್ತದೆ.”

ಅವಳು ಅದನ್ನು ಸಿಂಗರಿಸಿ ತಾಣಕ್ಕೇರಿಸಿದಳು. ಮರುದಿನ ಬೆಳಿಗ್ಗೆ ಸಂಘದ ಕಾರ್ಯದರ್ಶಿ ಗೆಯೋಕ್ ಇಮ್ ಆಂಟಿಯ ಫೋನು ಬಂತು.

“ದಾತೋ ತೀರ್ಕೊಂಡ್ರಾ? ನಂಗೊಂದು ಮಾತು ಹೇಳ್ಬಾರ್ದಿತ್ತಾ?”

“ಯಾರಂದ್ರು ಆಂಟಿ? ಈಗಷ್ಟೇ ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋದ್ರಂತೆ.”

“ನೀನೇ ಹೇಳಿದೀಯಲ್ಲೇ. ಪುಟ ತೆಗ್ದು ನೋಡು. ಇಲ್ಲಿ ಬಾಗಿಲಿಗೆ ಆಗ್ಲೇ ಸಾವಿಗೆ ಕಳಿಸೋ ಹೂವಿನ ಚಕ್ರ ಬಂದು ನಿಂತಿದೆ.”

ಸಿಯೂ ಖೆಂಗ್ ತೆಗೆದು ನೋಡಿದಳು. ಬೂದು ಬಣ್ಣದ ಭಾವಚಿತ್ರ. ನುಡಿಮುತ್ತಿನ ಮೇಲೊಂದು ಕೆಳಗೊಂದು ಕಪ್ಪು ಗೆರೆ. ಮೂಲೆಯಲ್ಲಿ ಸಾವಿನ ಮನೆಗೆ ಒಯ್ಯುವ ಬಿಳಿ ಸೇವಂತಿಗೆ. ನಿನ್ನೆ ಎಷ್ಟು ಅಂದವಾಗಿ ಕಂಡಿತ್ತು! ಹಳೆಯ ಕೈ ತನ್ನ ಪಾಡಿಗೆ ಹಳೆಯ ಕೆಲಸ ಮಾಡಿ ಮುಗಿಸಿತ್ತು.

ಅಲ್ಲಿ ದಾತೋ ಎದೆ ಸೀಳಿಸಿಕೊಂಡು ಮಲಗಿದ್ದಾರೆ; ಇಲ್ಲಿ ಸತ್ತವರ ಚೌಕಟ್ಟಿನಲ್ಲಿ ಕೂತಿದ್ದಾರೆ. ಹಾಗೆ ಕೂರಿಸಿದವರನ್ನು ಸಾವು ಹುಡುಕಿಕೊಂಡು ಬರುತ್ತದೆಂದು ಅಜ್ಜಿ ಹೇಳುತ್ತಿದ್ದಳು. ಅದೆಲ್ಲ ಸುಳ್ಳೆನ್ನಲು ಈ ಹೊತ್ತಿನಲ್ಲಿ ಅವಳಿಗೆ ಧೈರ್ಯ ಸಾಲಲಿಲ್ಲ.

ಗಡಿಬಿಡಿಯಲ್ಲಿ ಹೂವು ಕಿತ್ತಳು. ಕಪ್ಪಿದ್ದದ್ದನ್ನೆಲ್ಲ ಒಂದೇ ಏಟಿಗೆ ಕೆಂಪು ಮಾಡಿದಳು. ಕೆಂಪು ಶುಭದ ಬಣ್ಣ, ಮದುವೆಯ ಬಣ್ಣ. ಉಸಿರು ಬಿಡುವಷ್ಟರಲ್ಲಿ ಮತ್ತೆ ಆಂಟಿಯ ಫೋನು.

“ಗೆರೆ ಕೆಂಪಾಯ್ತು, ಸರಿ. ಹೆಸ್ರು ನೋಡಿದ್ಯಾ? ಬದುಕಿರೋರ ಹೆಸ್ರನ್ನ ಯಾರಾದ್ರೂ ಕೆಂಪಲ್ಲಿ ಬರೀತಾರೇನೇ? ಒಂದ್ಸಲ ಸಾಯ್ಸಿದ್ದು ಸಾಲ್ದಾ?”

ಗೆರೆಯ ಬಣ್ಣ ಬದಲಿಸಿದರೆ ನುಡಿಯದೂ ಹೆಸರಿನದೂ ಜೊತೆಗೇ ಬದಲಾಗುತ್ತದೆ ಎಂಬುದು ಅವಳಿಗೆ ಮರೆತೇಹೋಗಿತ್ತು. ಎಲ್ಲವನ್ನೂ ಬಂಗಾರದ ಬಣ್ಣಕ್ಕೆ ತಿರುಗಿಸಿ, ಭಾವಚಿತ್ರಕ್ಕೆ ಮೊದಲಿನ ಬಣ್ಣ ಮರಳಿಸಿ, ಆಸ್ಪತ್ರೆಗೆ ಓಡಿದಳು. ಮಧ್ಯಾಹ್ನದವರೆಗೂ ಮೊಗಸಾಲೆಯ ಬೆಂಚಿನ ತುದಿಯಲ್ಲಿ ಕೂತಳು. ದಾತೋ ಹೆಂಡತಿ ತಂದುಕೊಟ್ಟ ಕಾಫಿ ಕೈಯಲ್ಲೇ ಆರಿತು. ಬಾಗಿಲು ತೆರೆದಾಗಲೆಲ್ಲ ಅವಳು ಕಣ್ಣು ಮುಚ್ಚಿಕೊಂಡಳು. ಕೊನೆಗೆ ಡಾಕ್ಟರು ಹೊರಬಂದು, ಎಲ್ಲ ಸರಿಹೋಯಿತು ಎಂದ ಮೇಲೆಯೇ ಆ ತಣ್ಣನೆ ಕಾಫಿ ಕುಡಿದಳು.

ವಾರ ಕಳೆದ ಮೇಲೆ ದಾತೋ ಹೇಳಿಕಳಿಸಿದರು. ಹಾಸಿಗೆಯಲ್ಲಿ ಒರಗಿದ್ದರು, ಕೈಯಲ್ಲಿ ಹೆಂಡತಿಯ ಫೋನು, ಅದರಲ್ಲಿ ಯಾರೋ ಹಂಚಿದ ಆ ಕಪ್ಪು ಗೆರೆಯ ಪುಟದ ಚಿತ್ರ.

“ಹೂವಿನ ಚಕ್ರ ಎಷ್ಟು ಬಂತು?”

“ಮೂರು, ದಾತೋ. ತಪ್ಪಾಯ್ತು.”

“ಮೂರೇನಾ?” ಅವರ ಮುಖ ಸ್ವಲ್ಪ ಇಳಿಯಿತು. “ಇದ್ರಲ್ಲಿ ನಾನು ಗಂಭೀರವಾಗಿ ಕಾಣ್ತೀನಿ. ಹೀಗೇ ಇನ್ನೊಂದು ಮಾಡಿಟ್ಟಿರು. ಯಾವತ್ತಾದ್ರೂ ಬೇಕಾಗತ್ತೆ.”

“ನನ್ನಿಂದಾಗಲ್ಲ, ದಾತೋ.” ದೊಡ್ಡವರಿಗೆ ಅವಳು ಇಲ್ಲ ಎಂದದ್ದು ಅದೇ ಮೊದಲು. “ನಂಗೆ ಭಯ.”

ದಾತೋ ಫೋನನ್ನು ಹೊದಿಕೆಯ ಮೇಲೆ ಬೋರಲು ಹಾಕಿದರು. ಬಾಗಿಲಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, “ನಂಗೂ ಭಯಾನೇ,” ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

“ಬಂಗಾರದ್ದೇ ಇರ್ಲಿ. ಅಕ್ಷರ ಮಾತ್ರ ಇನ್ನೊಂಚೂರು ದೊಡ್ಡದು ಮಾಡು.”