ಕಾಲುವೆಗೆ ತಿರುಗಿದ ಮರಳು

ನದಿಗಳ ಪ್ರಯೋಗಶಾಲೆಯಲ್ಲಿ ಸಿಮೆಂಟು, ಮರಳಿನಿಂದ ಅಂಗಳದಷ್ಟು ದೊಡ್ಡ ನದಿ ಮಾದರಿಗಳನ್ನು ಕಟ್ಟುವುದು ಆ ಗಾರೆ ಕೆಲಸದಾಕೆಯ ಇಪ್ಪತ್ತು ವರ್ಷದ ಕಸುಬು. ಓದಿದ್ದು ನಾಲ್ಕನೇ ಕ್ಲಾಸು, ಕೇಳುವ ಪ್ರಶ್ನೆಗಳು ಮಾತ್ರ ಮೇಷ್ಟ್ರುಗಳ ಮಟ್ಟದವು.

ಆ ಸಲ ಪ್ರವಾಹದ ನೀರನ್ನು ಊರಾಚೆ ತಿರುಗಿಸುವ ಕಾಲುವೆಯ ಮಾದರಿ ಕಟ್ಟಿದ್ದಳು. ಕಾಲುಭಾಗ ನೀರು ತಿರುಗಿದರೆ ಮರಳೂ ಅಷ್ಟೇ ತಿರುಗುತ್ತದೆಂದು ಹೊಸ ಎಂಜಿನಿಯರ್ ಅಂದಾಜು ಮಾಡಿದ್ದ. ನೀರು ಬಿಟ್ಟರೆ ಕಾಲುವೆಯ ಬಾಯಿಯೇ ಮರಳಿನಿಂದ ಕಟ್ಟಿಕೊಂಡಿತು.

"ಅಕ್ಕಾ, ಇಳಿಜಾರು ತಪ್ಪಾಗಿ ಕಟ್ಟಿದ್ದೀರಾ?"

ಅವಳಿಗೆ ಚುರುಕ್ಕೆಂದಿತು. ಅಳೆದು ತೋರಿಸಿದಳು; ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಾಗಾದರೆ ಯಾಕೆ? ಆ ಪ್ರಶ್ನೆ ತಲೆಗೆ ಹುಳ ಬಿಟ್ಟಿತು. ಮರುದಿನ ಬೆಳಿಗ್ಗೆ ನೀರಿನ ಮೇಲೆ ಮರದ ಹೊಟ್ಟು ತೇಲಿಬಿಟ್ಟಳು, ತಳಕ್ಕೆ ಕೆಂಪು ಇಟ್ಟಿಗೆ ಪುಡಿ ಸುರಿದಳು. ಹೊಟ್ಟು ಬಹುಪಾಲು ನೇರವಾಗಿ ನದಿಯಲ್ಲೇ ಹೋಯಿತು. ಪುಡಿ ಹೊರಳಿಕೊಂಡು ಕಾಲುವೆಗೆ ನುಗ್ಗಿತು.

"ಸಾರ್, ಮೇಲಿನ ನೀರಿಗೆ ಓಟ ಜಾಸ್ತಿ, ಬೇಗ ತಿರುಗೋಕಾಗಲ್ಲ. ತಳದ ನೀರು ನಿಧಾನ, ಸಲೀಸಾಗಿ ತಿರುಗುತ್ತೆ. ಮರಳು ಇರೋದೂ ತಳದಲ್ಲೇ ಅಲ್ವಾ?"

ಎಂಜಿನಿಯರ್ ಪ್ಯಾಂಟು ಮಡಚಿ ನೀರಿಗೇ ಇಳಿದ. "ಇನ್ನೊಂದ್ಸಲ ಪುಡಿ ಹಾಕಿ ಅಕ್ಕಾ!"

ಮಧ್ಯಾಹ್ನ ಇಬ್ಬರೂ ಸೇರಿ ಕಾಲುವೆಯ ಬಾಯಿಗೆ ಅಡ್ಡಲಾಗಿ, ತಳದ ಮರಳನ್ನು ತಡೆದು ಮೇಲಿನ ನೀರನ್ನಷ್ಟೇ ಬಿಡುವಂಥ ಒಂದು ಗಿಡ್ಡ ಗೋಡೆ ಜೋಡಿಸಿದರು. ಈ ಸಲ ಹೆಚ್ಚಿನ ಮರಳು ನದಿಯಲ್ಲೇ ಮುಂದೆ ಸಾಗಿತು. ವರದಿಯಲ್ಲಿ, ಪ್ರಯೋಗ ನಡೆಸಿದವರು ಎಂಬಲ್ಲಿ, ಎಂಜಿನಿಯರ್ ಅವಳ ಹೆಸರನ್ನೇ ಮೊದಲು ಬರೆದ.